ಕಾರೂನನ ಮೆರವಣಿಗೆಯನ್ನು ನೋಡುತ್ತ ನಿಂತವರು

ಪವಿತ್ರ ಕುರ್‌ಆನ್‌ನ ಅಲ್‌ಕಸಸ್ ಅಧ್ಯಾಯದಲ್ಲಿ ಕಾರೂನನ ವೃತ್ತಾಂತವಿದೆ. ಆತ ಪರಕೀಯನಲ್ಲ, ಪ್ರವಾದಿ ಮೂಸಾ(ಅ)ರ ಜನಾಂಗದವನೇ. ಅವನ ಖಜಾನೆಯ ಕೀಲಿಕೈಗಳನ್ನು ಹೊರಲು ಬಲಿಷ್ಠರ ಒಂದು ಗುಂಪೇ ಬಳಲುತ್ತಿತ್ತೆಂದು ಕುರ್‌ಆನ್ ಹೇಳುತ್ತದೆ. ಸಂಪತ್ತಿನ ಕುರಿತು ಅದು ಕೊಡುವ ವಿವರ ಬಹುತೇಕ ಅಷ್ಟೇ. ಅದು ನಮ್ಮನ್ನು ಅವನ ಅರಮನೆಯೊಳಗೆ ಕರೆದೊಯ್ಯುವುದಿಲ್ಲ, ಔತಣದ ಬಟ್ಟಲುಗಳನ್ನು ಎಣಿಸುವುದಿಲ್ಲ. ಆತ ಸರ್ವಾಲಂಕಾರ ಭೂಷಿತನಾಗಿ ಜನರ ಮುಂದೆ ಹೊರಬಂದ ದಿನ ದಾರಿಯ ಬದಿಯಲ್ಲಿ ನಿಂತಿದ್ದವರ ಕಡೆಗೆ ನಮ್ಮ ದೃಷ್ಟಿಯನ್ನು ತಿರುಗಿಸುತ್ತದೆ. ಅವರಲ್ಲಿ ಇಹಲೋಕವನ್ನೇ ಬಯಸಿದ್ದವರು, ಕಾರೂನನಿಗೆ ದೊರೆತದ್ದು ನಮಗೂ ದೊರೆತಿದ್ದರೆ ಎಷ್ಟು ಚೆನ್ನಾಗಿತ್ತು, ಅವನು ಭಾಗ್ಯವಂತ ಎಂದು ನಿಟ್ಟುಸಿರಿಟ್ಟರು. ಜ್ಞಾನವಿದ್ದವರು ಅವರನ್ನು ಗದರಿಸಿದರು. ಭೂಮಿ ಬಿರಿದು ಕಾರೂನನನ್ನೂ ಅವನ ಮನೆಯನ್ನೂ ನುಂಗಿದ ಮರುದಿನ, ಹಿಂದಿನ ದಿನ ಹಾಗೆ ಬಯಸಿದ್ದವರೇ ಅಲ್ಲಾಹನ ಅನುಗ್ರಹವಿಲ್ಲದಿದ್ದರೆ ನಾವೂ ಅದರೊಳಗೆ ಹೋಗುತ್ತಿದ್ದೆವೆಂದು ನಡುಗಿದರು.

ಒಬ್ಬ ಧನಿಕನ ಪತನದ ಕಥೆಯೊಳಗೆ ಪ್ರೇಕ್ಷಕರಿಗೂ ಪಾತ್ರವಿದೆ ಎಂಬುದನ್ನು ನಾವು ಗಮನಿಸಬೇಕು. ಏಕೆಂದರೆ ಇಂದು ಕಾರೂನನ ಮೆರವಣಿಗೆ ಹೊರಡುವುದು ಬೀದಿಯಲ್ಲಲ್ಲ. ಅದು ನಮ್ಮ ಮನೆಯ ನಡುಮನೆಯಲ್ಲಿ, ಮಕ್ಕಳ ಅಂಗೈಯ ಮೊಬೈಲಿನಲ್ಲಿ ಹೊರಡುತ್ತದೆ. ಹಣಕಾಸಿನ ವಂಚನೆ, ಶೇರು ಮಾರುಕಟ್ಟೆ, ಕಾರ್ಪೊರೇಟ್ ಕಂಪೆನಿಗಳ ದುರಾಸೆ ಇವುಗಳ ಕುರಿತ ಸಿನಿಮಾ, ವೆಬ್ ಸರಣಿ ಮತ್ತು ಸಾಕ್ಷ್ಯಚಿತ್ರಗಳಿಗೆ ಈಗ ದೊಡ್ಡ ಪ್ರೇಕ್ಷಕವರ್ಗವಿದೆ. ನಮ್ಮ ಯುವಕರು ಆ ವರ್ಗದ ಹೊರಗಿಲ್ಲ. ಸಿನಿಮಾ ನೋಡುವುದು ಸರಿಯೇ ತಪ್ಪೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶ ನಮಗಿಲ್ಲ. ಅದನ್ನು ಉಲಮಾಗಳು ಬೇಕಾದಷ್ಟು ಮಾಡಿದ್ದಾರೆ. ನೋಡುತ್ತಿದ್ದಾರೆ ಎಂಬುದು ವಾಸ್ತವ. ನೋಡಿ ಏನನ್ನು ಕಲಿಯುತ್ತಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

2020ರ ಅಕ್ಟೋಬರ್‌ನಲ್ಲಿ, ಜನ ಕೊರೋನಾದ ಭಯದಿಂದ ಮನೆಯೊಳಗೇ ಹೆಚ್ಚಾಗಿ ಉಳಿದಿದ್ದ ಕಾಲದಲ್ಲಿ, ಹನ್ಸಲ್ ಮೆಹ್ತಾ ನಿರ್ದೇಶನದ ‘ಸ್ಕ್ಯಾಮ್ 1992’ ಸರಣಿ ಬಂದಿತು. ಪತ್ರಕರ್ತರಾದ ಸುಚೇತಾ ದಲಾಲ್ ಮತ್ತು ದೇಬಾಶಿಶ್ ಬಸು ಬರೆದ ಪುಸ್ತಕವನ್ನು ಆಧರಿಸಿದ ಸರಣಿ ಅದು. 1992ರ ಏಪ್ರಿಲ್‌ನಲ್ಲಿ ಹಗರಣವನ್ನು ಬಯಲಿಗೆಳೆದ ವರದಿ ಸುಚೇತಾ ದಲಾಲ್ ಅವರದು. ಹತ್ತು ಕಂತುಗಳನ್ನು ನೋಡಿ ಮುಗಿಸಿದ ನಮ್ಮ ಯುವಕರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಕಾಣಿಸಿಕೊಂಡವರು ಯಾರು? ಆ ಪತ್ರಕರ್ತೆಯಲ್ಲ, ಹರ್ಷದ್ ಮೆಹ್ತಾ! ರಿಸ್ಕ್‌ಗೆ ಇಶ್ಕ್ ಎಂದು ಪ್ರಾಸ ಹೊಂದಿಸಿದ ಅವನ ಮಾತು, ಅವನ ಕಾರು, ಹಿನ್ನೆಲೆಯಲ್ಲಿ ಆ ಸರಣಿಯ ಸಂಗೀತ. ಅಂಗಡಿ ತೆರೆದವನ ವೀಡಿಯೊಗೂ ಅದೇ ಸಂಗೀತ, ಹೊಸ ಬೈಕ್ ಕೊಂಡವನ ವೀಡಿಯೊಗೂ ಅದೇ. 2001ರ ಡಿಸೆಂಬರ್ 31ರಂದು ಆತ ನ್ಯಾಯಾಂಗ ಬಂಧನದಲ್ಲಿ, ಥಾಣೆಯಲ್ಲಿ ಸತ್ತ ಎಂಬ ಸಂಗತಿ ಆ ವೀಡಿಯೊಗಳಲ್ಲಿ ಇರಲಿಲ್ಲ. ಇದ್ದಿದ್ದರೂ ಬಹಳ ವ್ಯತ್ಯಾಸವಾಗುತ್ತಿರಲಿಲ್ಲವೇನೋ. ಮೆರವಣಿಗೆಯನ್ನು ನೋಡುವವನಿಗೆ ಮರುದಿನದ ಚಿಂತೆ ಇರುವುದಿಲ್ಲ.

ಆ ಹಗರಣದ ತಿರುಳು ಇದ್ದದ್ದು ಒಂದು ಒಪ್ಪಂದದಲ್ಲಿ. ಬ್ಯಾಂಕುಗಳ ನಡುವೆ ‘ರೆಡಿ ಫಾರ್ವರ್ಡ್’ ಎಂಬ ವ್ಯವಹಾರ ನಡೆಯುತ್ತಿತ್ತು. ಒಂದು ಬ್ಯಾಂಕು ತನ್ನ ಸರ್ಕಾರಿ ಸಾಲಪತ್ರಗಳನ್ನು ಇನ್ನೊಂದು ಬ್ಯಾಂಕಿಗೆ ಇಂದು ಮಾರುತ್ತದೆ. ಹದಿನೈದು ದಿನಗಳ ಬಳಿಕ ಇಷ್ಟು ಹೆಚ್ಚು ಬೆಲೆಗೆ ಮರಳಿ ಕೊಳ್ಳುತ್ತೇನೆಂದು ಮೊದಲೇ ಮಾತು ಕೊಡುತ್ತದೆ. ಹೆಸರಿಗೆ ಮಾರಾಟ, ವಾಸ್ತವದಲ್ಲಿ ಹದಿನೈದು ದಿನಗಳ ಬಡ್ಡಿ ಸಾಲ. ಸಾಲಪತ್ರಗಳು ಕೈ ಬದಲಾಯಿಸುತ್ತಲೂ ಇರಲಿಲ್ಲ. ಅವುಗಳ ಬದಲಿಗೆ ‘ಬ್ಯಾಂಕ್ ರಸೀದಿ’ ಎಂಬ ಒಂದು ಕಾಗದ ಹೋಗುತ್ತಿತ್ತು. ನಡುವೆ ನಿಂತ ದಲ್ಲಾಳಿ ಆ ಕಾಗದವನ್ನೇ ಸುಳ್ಳಾಗಿಸಿದ. ಬ್ಯಾಂಕ್ ಆಫ್ ಕರಾಡ್‌ನಂತಹ ಸಣ್ಣ ಬ್ಯಾಂಕುಗಳು ಕೈಯಲ್ಲಿ ಏನೂ ಇಲ್ಲದೆ ರಸೀದಿ ಬರೆದುಕೊಟ್ಟವು. ಅದನ್ನು ನಂಬಿ ದೊಡ್ಡ ಬ್ಯಾಂಕುಗಳು ಕೊಟ್ಟ ಹಣ ಶೇರುಪೇಟೆಗೆ ಹರಿಯಿತು. ಎಸಿಸಿ ಸಿಮೆಂಟ್ ಕಂಪೆನಿಯ ಶೇರು ಕೆಲವು ನೂರು ರೂಪಾಯಿಯಿಂದ 9000 ರೂಪಾಯಿಯ ಸಮೀಪಕ್ಕೆ ಏರಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದಾಗ 4000 ಕೋಟಿ ರೂಪಾಯಿಗೂ ಹೆಚ್ಚು ಹಣಕ್ಕೆ ಆಧಾರವಿರಲಿಲ್ಲ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನ ಅಂಗಸಂಸ್ಥೆಯಾದ ಕ್ಯಾನ್‌ಫಿನಾದ ಹೆಸರೂ ಆ ತನಿಖೆಯಲ್ಲಿ ಬಂದಿತ್ತು.

ಈಗ ನಮ್ಮ ಮದ್ರಸಗಳಲ್ಲಿ ಫಿಕ್‌ಹ್ ಓದಿದ ಯಾವನೇ ವಿದ್ಯಾರ್ಥಿಯ ಮುಂದೆ ಈ ಒಪ್ಪಂದವನ್ನು ಇಟ್ಟು ನೋಡಿ. ಮಾರಾಟದ ವೇಷ ತೊಟ್ಟ ಸಾಲ, ಮರಳಿ ಕೊಳ್ಳುವ ನೆಪದ ಬಡ್ಡಿ. ಇದರ ಸೋದರನನ್ನು ನಮ್ಮ ಫುಕಹಾಗಳು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿ ‘ಈನಾ’ ಎಂದು ಹೆಸರಿಟ್ಟಿದ್ದರು. ಬಹುಪಾಲು ಇಮಾಮರು ಅದನ್ನು ತಿರಸ್ಕರಿಸಿದರು. ಒಪ್ಪಂದದ ಹೊರರೂಪಕ್ಕೆ ಹೆಚ್ಚು ಬೆಲೆ ಕೊಡುವ ಶಾಫಿಈ ಮದ್‌ಹಬ್‌ನಲ್ಲಿಯೂ, ಮರಳಿ ಕೊಳ್ಳುವುದು ಒಪ್ಪಂದದೊಳಗಿನ ಷರತ್ತೇ ಆಗಿದ್ದರೆ ಅದಕ್ಕೆ ಜಾಗವಿಲ್ಲ. ಅಂದರೆ ಹರ್ಷದ್ ಮೆಹ್ತಾ ಸುಳ್ಳು ರಸೀದಿ ಬರೆಸುವುದಕ್ಕೂ ಮೊದಲೇ, ಅತ್ಯಂತ ಗೌರವಾನ್ವಿತ ಬ್ಯಾಂಕುಗಳು ಅತ್ಯಂತ ಪ್ರಾಮಾಣಿಕವಾಗಿ ಮಾಡುತ್ತಿದ್ದ ವ್ಯವಹಾರವೇ ಹುಳುಕಾಗಿತ್ತು. ಸರಣಿ ನಮಗೆ ಒಬ್ಬ ಚಾಣಾಕ್ಷ ಕಳ್ಳನನ್ನು ತೋರಿಸುತ್ತದೆ. ಕಳ್ಳತನಕ್ಕೆ ಬಾಗಿಲು ತೆರೆದಿಟ್ಟ ಮನೆಯನ್ನು ನಮ್ಮ ದೀನ್ ತೋರಿಸುತ್ತದೆ. ಇದನ್ನು ಮಕ್ಕಳ ಜೊತೆ ಕುಳಿತು ಮಾತನಾಡುವ ಶಕ್ತಿ ನಮ್ಮ ಮನೆಗಳಿಗಿದೆ. ನಾವು ಅದನ್ನು ಬಳಸುತ್ತಿಲ್ಲ. ತಂದೆ ಟಿ.ವಿ. ಆರಿಸಿ ಎದ್ದು ಹೋಗುತ್ತಾರೆ, ಮಗ ಒಳಗೆ ಹೋಗಿ ಮೊಬೈಲಿನಲ್ಲಿ ಮುಂದುವರಿಸುತ್ತಾನೆ.

ಹಾಲಿವುಡ್‌ನ ಕಥೆ ಇದಕ್ಕಿಂತ ಹಳೆಯದು. 1987ರಲ್ಲಿ ಆಲಿವರ್ ಸ್ಟೋನ್ ‘ವಾಲ್ ಸ್ಟ್ರೀಟ್’ ಎಂಬ ಚಿತ್ರ ಮಾಡಿದರು. ಅವರ ತಂದೆಯೇ ಶೇರು ದಲ್ಲಾಳಿಯಾಗಿದ್ದವರು. ಗಾರ್ಡನ್ ಗೆಕ್ಕೋ ಎಂಬ ಖಳನನ್ನು ಸೃಷ್ಟಿಸಿ, ದುರಾಸೆಯನ್ನು ಹಾಡಿಹೊಗಳುವ ಒಂದು ಭಾಷಣವನ್ನು ಅವನ ಬಾಯಲ್ಲಿ ಇಟ್ಟರು. ನೋಡಿದವರು ಅಸಹ್ಯಪಡಬೇಕೆಂಬುದು ಉದ್ದೇಶ. ಆದದ್ದು ಬೇರೆ. ನಿಮ್ಮ ಆ ಪಾತ್ರವನ್ನು ನೋಡಿಯೇ ನಾವು ಈ ವೃತ್ತಿಗೆ ಬಂದೆವು ಎಂದು ಜನ ತನ್ನ ಬಳಿ ಬಂದು ಹೇಳುತ್ತಿದ್ದರೆಂದು, ಆ ಪಾತ್ರಕ್ಕೆ ಆಸ್ಕರ್ ಪಡೆದ ಮೈಕೆಲ್ ಡಗ್ಲಸ್ ಅನೇಕ ಸಲ ಬೇಸರದಿಂದ ನೆನಪಿಸಿಕೊಂಡಿದ್ದಾರೆ.

ಕಾಲು ಶತಮಾನದ ಬಳಿಕ, 2013ರಲ್ಲಿ, ಮಾರ್ಟಿನ್ ಸ್ಕಾರ್ಸೆಸಿಯವರ ‘ದ ವುಲ್ಫ್ ಆಫ್ ವಾಲ್ ಸ್ಟ್ರೀಟ್’ ಬಂದಿತು. ಬೆಲೆಯಿಲ್ಲದ ಶೇರುಗಳನ್ನು ಫೋನಿನಲ್ಲಿ ಮಾರಿ ಜನರ ಉಳಿತಾಯವನ್ನು ನುಂಗಿದ ಜೋರ್ಡನ್ ಬೆಲ್ಫೋರ್ಟ್ ಎಂಬವನ ಕಥೆ. ಮೂರು ತಾಸಿನ ಈ ಚಿತ್ರ ಕುಟುಂಬದವರು ಕುಳಿತು ನೋಡುವಂತಹದ್ದಲ್ಲ ಎಂಬುದನ್ನು ನೋಡಿದವರೆಲ್ಲ ಬಲ್ಲರು. ಆ ಅಶ್ಲೀಲತೆಗಿಂತ ದೊಡ್ಡ ಅಶ್ಲೀಲತೆಯೊಂದು ಅದರಲ್ಲಿದೆ. ನ್ಯಾಯಾಲಯ 1500ಕ್ಕೂ ಹೆಚ್ಚು ಮಂದಿಗೆ ಪರಿಹಾರ ಕೊಡಿಸಲು 11 ಕೋಟಿ ಡಾಲರ್ ಕಟ್ಟುವಂತೆ ಆತನಿಗೆ ಆಜ್ಞಾಪಿಸಿತ್ತು. ಹಣ ಕಳೆದುಕೊಂಡ ಅಷ್ಟು ಜನರಲ್ಲಿ ಒಬ್ಬರ ಮನೆಯೊಳಗಾದರೂ ಚಿತ್ರ ನಮ್ಮನ್ನು ಕರೆದೊಯ್ಯುವುದಿಲ್ಲ. ಅವರು ಫೋನಿನ ಆ ತುದಿಯ ಧ್ವನಿ ಮಾತ್ರ. ವಂಚಕನಿಗೆ ಸಿಕ್ಕಿದ್ದು ನಾಲ್ಕು ವರ್ಷ ಶಿಕ್ಷೆ, ಅದರಲ್ಲಿ ಆತ ಅನುಭವಿಸಿದ್ದು 22 ತಿಂಗಳು. ಇಂದು ಆತ ವೇದಿಕೆಗಳಲ್ಲಿ ಮಾರಾಟದ ಕಲೆಯನ್ನು ಬೋಧಿಸುತ್ತಾನೆ. ನಿರ್ದೇಶಕರಿಗೆ ಇದು ತಿಳಿಯದೆ ಇರಲಿಲ್ಲ ಎನ್ನಬೇಕು. ಚಿತ್ರದ ಕೊನೆಯ ದೃಶ್ಯದಲ್ಲಿ ಕ್ಯಾಮೆರಾ ನಾಯಕನನ್ನು ಬಿಟ್ಟು, ಅವನ ಭಾಷಣ ಕೇಳಲು ಬಂದು ಕುಳಿತವರ ಮುಖಗಳ ಮೇಲೆ ನಿಲ್ಲುತ್ತದೆ. ಬಾಯಿ ತುಸು ತೆರೆದ, ಆಸೆ ತುಂಬಿದ ಸಾಮಾನ್ಯ ಮುಖಗಳು. ಅಲ್‌ಕಸಸ್ ಅಧ್ಯಾಯದ ದಾರಿ ಬದಿಯ ಜನ ಅವರೇ. ಆದರೆ ಮೂರು ತಾಸು ಮೆರವಣಿಗೆ ತೋರಿಸಿ ಕೊನೆಯ ಅರೆ ನಿಮಿಷದಲ್ಲಿ ಕನ್ನಡಿ ಹಿಡಿದರೆ ಅದರೊಳಗೆ ಮುಖ ನೋಡಿಕೊಳ್ಳುವವರು ಎಷ್ಟು ಮಂದಿ?

ಇಲ್ಲಿಯವರೆಗೆ ಓದಿದ ಕೆಲವರು, ಇದೆಲ್ಲ ಪಾಶ್ಚಾತ್ಯರ ರೋಗ, ಬಡ್ಡಿಯಲ್ಲಿ ಮುಳುಗಿದವರ ಪಾಡು ಎಂದು ತಲೆದೂಗಬಹುದು. ಅವರು ದಯವಿಟ್ಟು ಇದೇ ಸಿನಿಮಾದ ಬಂಡವಾಳದ ಕಥೆಯನ್ನು ಓದಬೇಕು.

ಆ ಚಿತ್ರವನ್ನು ನಿರ್ಮಿಸಿದ ರೆಡ್ ಗ್ರಾನೈಟ್ ಎಂಬ ಸಂಸ್ಥೆಯ ಸ್ಥಾಪಕರಲ್ಲೊಬ್ಬರು ಮಲೇಷ್ಯಾದ ಅಂದಿನ ಪ್ರಧಾನಿ ನಜೀಬ್ ರಝಾಕ್ ಅವರ ಮಲಮಗ. ಮಲೇಷ್ಯಾದ ಜನರ ಅಭಿವೃದ್ಧಿಗೆಂದು ಸ್ಥಾಪಿಸಿದ 1ಎಂಡಿಬಿ ಎಂಬ ಸರ್ಕಾರಿ ನಿಧಿಯಿಂದ 350 ಕೋಟಿ ಡಾಲರ್‌ಗೂ ಹೆಚ್ಚು ಹಣ ಅಪಹರಣವಾಗಿದೆ, ಅದರ ಒಂದು ಪಾಲು ಈ ಚಿತ್ರಕ್ಕೆ ಬಂದಿದೆ ಎಂದು ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ನಿರ್ಮಾಣ ಸಂಸ್ಥೆ ತಪ್ಪೊಪ್ಪಿಗೆಯಿಲ್ಲದೆ 6 ಕೋಟಿ ಡಾಲರ್ ಕಟ್ಟಿ ವ್ಯಾಜ್ಯವನ್ನು ಮುಗಿಸಿಕೊಂಡಿತು. ವಂಚನೆಯ ಕುರಿತ ಜಗತ್ಪ್ರಸಿದ್ಧ ಚಿತ್ರಕ್ಕೆ ವಂಚನೆಯದೇ ಬಂಡವಾಳ! ಆ ಹಣ ವಾಲ್ ಸ್ಟ್ರೀಟಿನದಲ್ಲ, ಮುಸ್ಲಿಮ್ ಬಹುಸಂಖ್ಯಾತ ದೇಶವೊಂದರ ರೈತರ, ಬೆಸ್ತರ, ಶಾಲಾ ಮಾಸ್ತರರ ಹೆಸರಿನಲ್ಲಿದ್ದ ಹಣ. ಆ ನಿಧಿಯ ಹುಟ್ಟನ್ನು ನೋಡಿದರೆ ಮನಸ್ಸು ಇನ್ನೂ ಮುದುಡುತ್ತದೆ. 2009ರಲ್ಲಿ ಅದರ ಮೂಲರೂಪವಾದ ಟೆರೆಂಗಾನು ಹೂಡಿಕೆ ಪ್ರಾಧಿಕಾರ ಮೊದಲು ಎತ್ತಿದ್ದು 500 ಕೋಟಿ ರಿಂಗಿಟ್. ಅದನ್ನು ಎತ್ತಿದ್ದು ‘ಇಸ್ಲಾಮೀ’ ಸಾಲಪತ್ರಗಳ ಮೂಲಕ, ಸರ್ಕಾರದ ಖಾತರಿಯೊಂದಿಗೆ. ಮುಂದೆ ಅದೇ ನಿಧಿಯ ಪ್ರತಿಷ್ಠಾನ ಇಮಾಮರನ್ನೂ ಗ್ರಾಮದ ಮುಖಂಡರನ್ನೂ ಹಜ್ಜ್‌ಗೆ ಕಳುಹಿಸಿತು. ಹಗರಣ ಬಯಲಾದ ಮೇಲೆ ಆ ಹಜ್ಜ್ ಸಿಂಧುವೇ ಎಂದು ಬಡ ಇಮಾಮರು ಚಿಂತಿಸಬೇಕಾಯಿತು. 1ಎಂಡಿಬಿಯ ಅಂಗಸಂಸ್ಥೆಯಾಗಿದ್ದ ಕಂಪೆನಿಯೊಂದರ ಹಣದ ಪ್ರಕರಣದಲ್ಲಿ 2020ರಲ್ಲಿ ಶಿಕ್ಷೆಗೊಳಗಾದ ಮಾಜಿ ಪ್ರಧಾನಿ 2022ರ ಆಗಸ್ಟ್‌ನಲ್ಲಿ ಜೈಲು ಸೇರಿದರು. ‘ದ ಕ್ಲೆಪ್ಟೊಕ್ರಾಟ್ಸ್’ ಎಂಬ 2018ರ ಸಾಕ್ಷ್ಯಚಿತ್ರ ಈ ಕಥೆಯನ್ನು ಹೇಳುತ್ತದೆ. ನಮ್ಮ ಯುವಕರಲ್ಲಿ ‘ವುಲ್ಫ್’ ನೋಡಿದವರು ನೂರು ಮಂದಿ ಸಿಗಬಹುದು, ಇದರ ಹೆಸರು ಕೇಳಿದವರು ಒಬ್ಬರು ಸಿಕ್ಕರೆ ನಮಗೆ ಅಚ್ಚರಿ.

ಸಾಕ್ಷ್ಯಚಿತ್ರಗಳನ್ನು ಕಥಾಚಿತ್ರಗಳಿಂದ ಬೇರೆಯಾಗಿಯೇ ತೂಗಬೇಕು. ಎಲ್ಲವೂ ಸತ್ಯಸಂಧ ಎಂದಲ್ಲ. ಆದರೆ ಒಳ್ಳೆಯ ಸಾಕ್ಷ್ಯಚಿತ್ರ ಮೆರವಣಿಗೆಯನ್ನು ಬಿಟ್ಟು ಲೆಕ್ಕದ ಪುಸ್ತಕದ ಕಡೆ ಹೋಗುತ್ತದೆ. 2001ರಲ್ಲಿ ದಿವಾಳಿಯಾದ ಎನ್ರಾನ್ ಕುರಿತು ಅಲೆಕ್ಸ್ ಗಿಬ್ನಿ 2005ರಲ್ಲಿ ಮಾಡಿದ ಚಿತ್ರ ಅಂತಹದ್ದು. ಮಹಾರಾಷ್ಟ್ರದ ದಾಭೋಲ್‌ನ ವಿದ್ಯುತ್ ಯೋಜನೆಯಿಂದಾಗಿ ಎನ್ರಾನ್ ಹೆಸರು ನಮ್ಮ ಹಿರಿಯರಿಗೆ ನೆನಪಿರಬಹುದು. ಇನ್ನೂ ಮುಖ್ಯವಾದದ್ದು ಚಾರ್ಲ್ಸ್ ಫರ್ಗುಸನ್ ಅವರ 2010ರ ‘ಇನ್‌ಸೈಡ್ ಜಾಬ್’. 2008ರ ಆರ್ಥಿಕ ಕುಸಿತದ ಕುರಿತ ಈ ಚಿತ್ರಕ್ಕೆ ಆಸ್ಕರ್ ಬಂದಿತು. ನಮಗೆ ಅದರಲ್ಲಿ ಮರೆಯಲಾಗದ ಭಾಗ ಬ್ಯಾಂಕರುಗಳದ್ದಲ್ಲ, ಪ್ರೊಫೆಸರುಗಳದ್ದು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮಿಶ್ಕಿನ್ 2006ರಲ್ಲಿ ಐಸ್‌ಲ್ಯಾಂಡ್‌ನ ಹಣಕಾಸು ವ್ಯವಸ್ಥೆ ಸ್ಥಿರವಾಗಿದೆ ಎಂದು ವರದಿ ಬರೆದರು. ಅದಕ್ಕೆ ಐಸ್‌ಲ್ಯಾಂಡ್‌ನ ವಾಣಿಜ್ಯ ಮಂಡಳಿ ಅವರಿಗೆ 1,24,000 ಡಾಲರ್ ಕೊಟ್ಟಿತ್ತು. ಎರಡು ವರ್ಷಗಳಲ್ಲಿ ಆ ದೇಶದ ಮೂರು ದೊಡ್ಡ ಬ್ಯಾಂಕುಗಳೂ ಕುಸಿದವು. ಬಳಿಕ ಅವರ ಕೃತಿಗಳ ಪಟ್ಟಿಯಲ್ಲಿ ಅದೇ ವರದಿಯ ಹೆಸರು ‘ಸ್ಥಿರತೆ’ಯ ಬದಲು ‘ಅಸ್ಥಿರತೆ’ ಎಂದಾಗಿತ್ತು. ಕ್ಯಾಮೆರಾದ ಮುಂದೆ ಕೇಳಿದಾಗ, ಮುದ್ರಣದೋಷವಿರಬೇಕು ಎಂದರು. ಆ ಕ್ಷಣದಲ್ಲಿ ಅವರ ಮುಖವನ್ನು ನೋಡಿದವರು ಮರೆಯಲಾರರು. ಚಿತ್ರ ಎಬ್ಬಿಸಿದ ಗದ್ದಲ ವ್ಯರ್ಥವಾಗಲಿಲ್ಲ. ತಮ್ಮ ಸಂಶೋಧನೆಗೆ ಹಣ ಎಲ್ಲಿಂದ ಬಂತೆಂಬುದನ್ನು ಲೇಖಕರು ಬಹಿರಂಗಪಡಿಸಬೇಕೆಂಬ ನಿಯಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘ 2012ರಲ್ಲಿ ತನ್ನ ಪತ್ರಿಕೆಗಳಿಗೆ ಬಿಗಿಗೊಳಿಸಿತು.

ನಮಗೆ ಇಲ್ಲಿ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಒಂದು ಹದೀಸ್ ನೆನಪಾಗುತ್ತದೆ. ಬಡ್ಡಿ ತಿನ್ನುವವನನ್ನೂ ತಿನ್ನಿಸುವವನನ್ನೂ ಅದನ್ನು ಬರೆಯುವವನನ್ನೂ ಅದಕ್ಕೆ ನಿಲ್ಲುವ ಇಬ್ಬರು ಸಾಕ್ಷಿಗಳನ್ನೂ ಪ್ರವಾದಿ(ಸ)ರು ಶಪಿಸಿದರು, ಅವರೆಲ್ಲರೂ ಸಮಾನರೆಂದರು. ಸಿನಿಮಾಕ್ಕೆ ಒಬ್ಬ ಖಳನಾಯಕ ಸಾಕು. ನಮ್ಮ ಪ್ರವಾದಿ(ಸ)ರು ಗುಮಾಸ್ತನನ್ನೂ ಬಿಡಲಿಲ್ಲ, ಸಾಕ್ಷಿ ಹಾಕಿದವನನ್ನೂ ಬಿಡಲಿಲ್ಲ. ಹಣ ಪಡೆದು ಸರ್ಟಿಫಿಕೇಟ್ ಬರೆದುಕೊಟ್ಟ ಪ್ರೊಫೆಸರ್ ಈ ಹದೀಸ್‌ನ ಯಾವ ಸಾಲಿನಲ್ಲಿ ನಿಲ್ಲುತ್ತಾರೆಂದು ಪ್ರತ್ಯೇಕವಾಗಿ ಹೇಳಬೇಕೇ?

2008ರ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬಿದ್ದಾಗ ನಮ್ಮ ಮಿಂಬರ್‌ಗಳಲ್ಲಿ ಒಂದು ಬಗೆಯ ಸಂಭ್ರಮವಿತ್ತು. ಬಡ್ಡಿಯ ವ್ಯವಸ್ಥೆ ಕುಸಿಯುತ್ತಿದೆ, ಇಸ್ಲಾಮೀ ಅರ್ಥವ್ಯವಸ್ಥೆಯೇ ಪರಿಹಾರ ಎಂದು ಖುತ್ಬಾಗಳಲ್ಲಿ ಕೇಳಿದೆವು, ನಮ್ಮ ಲೇಖನಗಳಲ್ಲಿ ನಾವೂ ಬರೆದೆವು. ತತ್ವದಲ್ಲಿ ಅದು ಸುಳ್ಳಲ್ಲ. ‘ದ ಬಿಗ್ ಶಾರ್ಟ್’ ಎಂಬ 2015ರ ಚಿತ್ರ ನೋಡಿದವರಿಗೆ, ಇನ್ನೊಬ್ಬನ ಮನೆಗೆ ಬೆಂಕಿ ಬೀಳಲೆಂದು ಆ ಮನೆಗೆ ತಾನು ವಿಮೆ ಮಾಡಿಸಿಕೊಳ್ಳುವಂತಹ ವ್ಯವಹಾರ ಎಷ್ಟು ಹೊಲಸು ಎಂದು ಅರ್ಥವಾಗಿರುತ್ತದೆ. ತನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂಬ ಪ್ರವಾದಿ(ಸ)ರ ಆದೇಶ ಅಂತಹ ನೂರು ಜೂಜುಗಳಿಗೆ ಬೀಗ ಹಾಕುತ್ತದೆ. ಆದರೆ ತತ್ವ ನಮ್ಮದೆಂದು ಹೆಮ್ಮೆಪಡುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಬೀದಿಗಳಲ್ಲಿ ಏನು ನಡೆಯುತ್ತಿತ್ತು?

ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಬೆಳೆಯುತ್ತಿತ್ತು. 2006ರಲ್ಲಿ ಆರಂಭವಾದ ಆ ಸಂಸ್ಥೆ ತನ್ನದು ಬಡ್ಡಿರಹಿತ, ಹಲಾಲ್ ಹೂಡಿಕೆ ಎಂದು ಹೇಳಿಕೊಂಡಿತು. ಹಣ ಕೊಟ್ಟವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಕರೆಯಿತು. ಚಿನ್ನದ ಮಳಿಗೆ, ಔಷಧಾಲಯ, ಶಾಲೆಗೆ ನೆರವು, ವೇದಿಕೆಗಳಲ್ಲಿ ಗಣ್ಯರು. ತಿಂಗಳು ತಿಂಗಳು ‘ಲಾಭಾಂಶ’ ಬರುತ್ತಿತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದ. ಒಂದು ಆಡಿಯೊ ಹರಿದಾಡಿತು. ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಮಂದಿ ದೂರು ಬರೆಸಲು ಸಾಲುಗಟ್ಟಿದರು. ಆ ಸಾಲಿನಲ್ಲಿ ಬುರ್ಖಾ ತೊಟ್ಟ ನಮ್ಮ ತಾಯಂದಿರು, ಗಲ್ಫ್‌ನಿಂದ ಮರಳಿ ಬಂದು ಇದ್ದದ್ದನ್ನೆಲ್ಲ ತೊಡಗಿಸಿದ ಹಿರಿಯರು, ಮಗಳ ನಿಕಾಹ್‌ಗೆಂದು ಕೂಡಿಟ್ಟವರು ಇದ್ದರು. ಅದಕ್ಕೂ ಮುನ್ನ 2018ರಲ್ಲಿ ಬೆಂಗಳೂರಿನ ಆಂಬಿಡೆಂಟ್, ಹೈದರಾಬಾದ್ ಮೂಲದ ಹೀರಾ ಗೋಲ್ಡ್ ಪ್ರಕರಣಗಳು ಪೊಲೀಸರ ಮುಂದೆ ಬಂದಾಗಿತ್ತು. ಒಂದೇ ಬಿಲದಿಂದ ವಿಶ್ವಾಸಿ ಎರಡು ಸಲ ಕಚ್ಚಿಸಿಕೊಳ್ಳಬಾರದೆಂದು ಕಲಿತ ಸಮುದಾಯ ನಮ್ಮದು. ಯಾರ ಅಪರಾಧ ಎಷ್ಟು ಎಂಬುದನ್ನು ನ್ಯಾಯಾಲಯಗಳು ಹೇಳಲಿ, ಅದು ನಮ್ಮ ಕೆಲಸವಲ್ಲ. ನಮ್ಮ ಮಾತು ನಮ್ಮ ಬಗ್ಗೆ.

ಹಲಾಲ್ ಎಂಬ ಪದ ಕೇಳಿದೊಡನೆ ನಾವು ಒಪ್ಪಂದದ ಕಾಗದ ಕೇಳುವುದನ್ನು ನಿಲ್ಲಿಸಿದೆವು. ಮುದಾರಬಾದ ನಿಯಮ ಕಷ್ಟದ್ದೇನಲ್ಲ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭವಾದರೆ ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ, ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಅದು ಹಣ ಹಾಕಿದವನಿಗೆ. ಆದ್ದರಿಂದ ಪ್ರತಿ ತಿಂಗಳು ಲಕ್ಷಕ್ಕೆ ಇಷ್ಟು ಸಾವಿರ ಖಂಡಿತ ಎಂದು ಯಾರಾದರೂ ಹೇಳಿದರೆ, ಆತ ಮುದಾರಬಾದ ಹೆಸರಿನಲ್ಲಿ ಬೇರೇನನ್ನೋ ಮಾರುತ್ತಿದ್ದಾನೆ. ನಷ್ಟದ ಹೊಣೆ ಹೊತ್ತವನಿಗಷ್ಟೇ ಲಾಭದ ಹಕ್ಕು ಎಂಬ ತತ್ವವನ್ನು ಮದ್ರಸದಲ್ಲಿ ಬಾಯಿಪಾಠ ಮಾಡಿದವರೂ ಆ ಸಾಲಿನಲ್ಲಿ ಹಣ ಕೊಟ್ಟರು. ನಷ್ಟವಾದರೆ ಏನು ಎಂದು ಕೇಳಿದವನನ್ನು ನಮ್ಮ ಊರುಗಳಲ್ಲಿ ಸಂಶಯಪಿಶಾಚಿ ಎಂದು ಕರೆದೆವು, ಸಮುದಾಯದ ಉನ್ನತಿ ಸಹಿಸದವನು ಎಂದೆವು. ಅಂತಹ ಮಾತು ಕೇಳಿಸಿಕೊಂಡ ವೃದ್ಧ ವ್ಯಾಪಾರಿಯೊಬ್ಬರನ್ನು ನಾವು ಬಲ್ಲೆವು. ಬೇರೊಂದು ಯೋಜನೆಯ ಸಭೆಯಲ್ಲಿ ಅವರು ಎದ್ದುನಿಂತು, ನಿಮ್ಮ ಅಂಗಡಿ ಎಲ್ಲಿದೆ, ದಾಸ್ತಾನು ತೋರಿಸಿ ಎಂದಷ್ಟೇ ಕೇಳಿದ್ದರು. ಅವರನ್ನು ಕೂರಿಸಿದವರಲ್ಲಿ ಅವರ ಸ್ವಂತ ಅಳಿಯನೂ ಇದ್ದ.

ಇನ್ನು ಸಾಕ್ಷಿಗಳ ವಿಷಯ. ಇಂತಹ ಯೋಜನೆಗಳ ವೇದಿಕೆಗಳಲ್ಲಿ ದುಆ ಮಾಡಿದವರಿದ್ದಾರೆ, ಶರೀಅತ್‌ಗೆ ಅನುಗುಣವಾಗಿದೆ ಎಂದು ಬರೆದುಕೊಟ್ಟವರಿದ್ದಾರೆ, ಮಸೀದಿಯ ಅಂಗಳದಲ್ಲಿ ಕರಪತ್ರ ಹಂಚಲು ಅನುಮತಿ ಕೊಟ್ಟ ಆಡಳಿತ ಸಮಿತಿಗಳಿವೆ, ಪರಿಚಯಿಸಿದ್ದಕ್ಕೆ ಕಮಿಷನ್ ಪಡೆದ ನೆಂಟರಿಷ್ಟರಿದ್ದಾರೆ. ಅವರಲ್ಲಿ ಹಲವರು ತಾವೂ ಮೋಸಹೋದವರೇ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಅಮೆರಿಕನ್ ಪ್ರೊಫೆಸರನ್ನು ಪರದೆಯ ಮೇಲೆ ನೋಡಿ ನಗುವ ಹಕ್ಕು ನಮಗೆ ಬರಬೇಕಾದರೆ, ನಮ್ಮವರೂ ಎದುರು ಕುಳಿತು ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು. ನೀವು ಲೆಕ್ಕದ ಪುಸ್ತಕವನ್ನು ನೋಡಿದ್ದಿರಾ? ನಿಮಗೆ ಎಷ್ಟು ಸಿಕ್ಕಿತು?

ಸಮುದಾಯದ ಮಾನವನ್ನು ಹೀಗೆ ಬಹಿರಂಗವಾಗಿ ಹರಾಜು ಹಾಕಬೇಕೇ, ಮೊದಲೇ ಮಾಧ್ಯಮಗಳು ನಮ್ಮ ಮೇಲೆ ಮುಗಿಬಿದ್ದಿವೆ ಎಂಬ ಆಕ್ಷೇಪ ಬರುತ್ತದೆ. 2019ರಲ್ಲಿ ಕೆಲವು ವಾಹಿನಿಗಳು ಮೋಸಹೋದವರನ್ನೇ ಮೂದಲಿಸಿದ್ದು ನಿಜ, ಅದು ನೀಚತನ. ಹಾಗಿದ್ದರೂ ಆಕ್ಷೇಪ ನಿಲ್ಲುವುದಿಲ್ಲ. ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಹೊರತೆಗೆದು, ಜನರಿಗೆ ಕಾಣುವಂತೆ ಇದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಪ್ರವಾದಿ(ಸ)ರು ವ್ಯಾಪಾರಿಯನ್ನು ಕೇಳಿದ ಘಟನೆ ನಮಗೆಲ್ಲ ಗೊತ್ತು. ಮಳೆಯಿಂದ ಒದ್ದೆಯಾಯಿತು ಎಂಬ ಅವನ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ. ಆ ರಾಶಿ ಇದ್ದದ್ದು ಶತ್ರುಗಳ ಸಂತೆಯಲ್ಲಿ ಅಲ್ಲ, ವಿಶ್ವಾಸಿಗಳ ನಡುವೆ. ವಂಚಿಸುವವನು ನಮ್ಮವನಲ್ಲ ಎಂಬ ತೀರ್ಪು ಬಂದದ್ದು ಅಲ್ಲಿಯೇ, ಎಲ್ಲರ ಎದುರಿನಲ್ಲಿಯೇ.

ಆದ್ದರಿಂದ ನಮ್ಮ ಬೇಡಿಕೆ ಸಿನಿಮಾಗಳನ್ನು ನಿಷೇಧಿಸಿ ಎಂಬುದಲ್ಲ. ಮಗ ‘ಸ್ಕ್ಯಾಮ್ 1992’ ನೋಡುತ್ತಿದ್ದರೆ ತಂದೆ ಪಕ್ಕದಲ್ಲಿ ಕುಳಿತು ಆ ಹಣ ಯಾರದ್ದೆಂದು ಕೇಳಲಿ. ಬ್ಯಾಂಕ್ ರಸೀದಿ ಎಂದರೇನು ಎಂದು ಮಗನೇ ವಿವರಿಸಲಿ, ಅದರಲ್ಲಿ ತಪ್ಪಿಲ್ಲ. ಆ ಮೇಲೆ ಮನೆಯ ಕಪಾಟಿನಲ್ಲಿರುವ ತಮ್ಮದೇ ಹೂಡಿಕೆಯ ಕಾಗದವನ್ನು, ಚಿನ್ನದ ಚೀಟಿಯ ಪುಸ್ತಕವನ್ನು ಹೊರತೆಗೆದು ಇಬ್ಬರೂ ಓದಲಿ. ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಕಾಗದಗಳನ್ನು ಯಾರೂ ಪೂರ್ತಿ ಓದಿಲ್ಲ. ಯೋಜನೆಯನ್ನು ಹೊಗಳುವ ಯಾವ ವಿದ್ವಾಂಸರೇ ಆಗಲಿ, ತಾವು ಅದರಿಂದ ಸಂಬಳ, ಕಾಣಿಕೆ, ಪ್ರಯಾಣದ ಖರ್ಚು ಏನನ್ನಾದರೂ ಪಡೆದಿದ್ದಾರೆಯೇ ಎಂಬುದನ್ನು ಅದೇ ವೇದಿಕೆಯಲ್ಲಿ, ಅದೇ ಧ್ವನಿವರ್ಧಕದಲ್ಲಿ ಹೇಳಬೇಕೆಂದು ಜಮಾಅತ್‌ಗಳು ಬರವಣಿಗೆಯಲ್ಲಿ ನಿಯಮ ಮಾಡಲಿ. ಅಲ್ಲಾಹನ ಕಿತಾಬನ್ನು ಓದಿದ ನಮಗೆ ಅರ್ಥಶಾಸ್ತ್ರಜ್ಞರ ಸಂಘಕ್ಕಿಂತ ಕಡಿಮೆ ಶಿಸ್ತು ಸಾಕೇ?

ರಮಝಾನ್ ಬಂದಾಗಲೆಲ್ಲ ನಮ್ಮಲ್ಲಿ ಕೆಲವು ಸಹೋದರಿಯರು ಒಂದು ಪ್ರಶ್ನೆ ಕೇಳುತ್ತಾರೆ. ಅಂತಹ ಸಂಸ್ಥೆಯಲ್ಲಿ ಸಿಕ್ಕಿಬಿದ್ದ ಹಣಕ್ಕೆ ಈ ವರ್ಷವೂ ಝಕಾತ್ ಕೊಡಬೇಕೇ ಎಂದು. ಮರಳಿ ಬರುವ ಭರವಸೆಯಿಲ್ಲದ ಹಣದ ಝಕಾತ್ ಕುರಿತು ಫುಕಹಾಗಳು ವಿವರವಾಗಿ ಬರೆದಿದ್ದಾರೆ, ಉತ್ತರ ಹೇಳಲು ಮುಫ್ತಿಗಳಿಗೆ ಕಷ್ಟವಿಲ್ಲ. ಉತ್ತರ ಕೇಳಿದ ಮೇಲೂ ಅವರು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಾರೆ. ಆ ಹಣವನ್ನು ಅಲ್ಲಿ ಇಡಲು ಅವರಿಗೆ ಹೇಳಿದವರು ಬಹುಮಟ್ಟಿಗೆ ಅದೇ ಮಸೀದಿಯ ಮೊದಲ ಸಾಲಿನಲ್ಲಿ ನಮಾಝಿಗೆ ನಿಂತಿರುತ್ತಾರೆ.